ಕಲ್ಲಿಗೆ ಬಾಯಿ, ತೊಗಲಿಗೆ ಬೆನ್ನು

ಮಡಚುವ ಕ್ಷೌರದ ಕತ್ತಿಯನ್ನು ಮಸೆಯುವುದಕ್ಕೆ ಒಂದು ಹಳೆಯ ನಿಯಮವಿದೆ. ಕಲ್ಲಿನ ಮೇಲೆ ಕತ್ತಿಯ ಬಾಯಿ ಮುಂದೆ ಹೋಗಬೇಕು, ಕಲ್ಲಿನಿಂದ ಒಂದು ತೆಳು ಪದರ ಎಬ್ಬಿಸುತ್ತಿದ್ದೇವೇನೋ ಅನ್ನುವ ಹಾಗೆ. ಅದೇ ಕತ್ತಿಯನ್ನು ತೊಗಲಿನ ಪಟ್ಟಿಗೆ ಹಾಕುವಾಗ ದಿಕ್ಕು ಪೂರಾ ಉಲ್ಟಾ. ಬೆನ್ನು ಮುಂದೆ, ಬಾಯಿ ಹಿಂದೆ. ಇದನ್ನು ತಪ್ಪಿದರೆ ಕಲ್ಲಿನಲ್ಲಿ ಧಾರೆ ನಿಲ್ಲುವುದಿಲ್ಲ, ತೊಗಲಿನಲ್ಲಿ ತೊಗಲೂ ಹೋಯಿತು, ಧಾರೆಯೂ ಹೋಯಿತು.

ಇಷ್ಟು ಸಣ್ಣ ವಿಷಯಕ್ಕೆ ಇತಿಹಾಸ ಏನು ಬಂತು ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡು ಓದತೊಡಗಿದ್ದು. ಆದರೆ ಓದುತ್ತಾ ಹೋದ ಹಾಗೆ ಒಂದು ವಿಚಿತ್ರ ಕಾಣಿಸಿತು. ಕಲ್ಲುಗಳ ಬಗ್ಗೆ ಬರೆದಿದ್ದಾರೆ, ಉಕ್ಕಿನ ಬಗ್ಗೆ ಬರೆದಿದ್ದಾರೆ, ಕತ್ತಿ ಮಾಡಿದವರ ಹೆಸರುಗಳಿವೆ, ಪಟ್ಟಿ ಮಾರಿ ಹಣ ಮಾಡಿದವರ ಹೆಸರುಗಳೂ ಇವೆ. ದಿನಾ ಬೆಳಿಗ್ಗೆ ಎದ್ದು ಕತ್ತಿ ಮಸೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಈ ಬರಹ ಅದರ ಬಗ್ಗೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಕತ್ತಿಯ ದಪ್ಪ ಭಾಗ ಬೆನ್ನು, ಹರಿತವಾದ ಅಂಚು ಬಾಯಿ. ಹಿಡಿಯ ಕಡೆಯ ಕೊನೆ ಬುಡ, ಆಚೆ ಕೊನೆ ತುದಿ. ಅಡುಗೆಮನೆಯ ಚಾಕುವನ್ನು ಎಷ್ಟು ಓರೆಯಾಗಿ ಹಿಡಿದು ಮಸೆಯಬೇಕು ಅನ್ನುವುದು ಮಸೆಯುವವರ ಕೈಗೆ ಬಿಟ್ಟದ್ದು. ಕ್ಷೌರದ ಕತ್ತಿಯಲ್ಲಿ ಹಾಗಿಲ್ಲ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿಕೊಂಡೇ ಇರಬೇಕು. ಕತ್ತಿ ೨೨ ಮಿಲಿಮೀಟರ್ ಅಗಲ, ಬೆನ್ನು ೬ ಮಿಲಿಮೀಟರ್ ದಪ್ಪ ಇದ್ದರೆ ಧಾರೆಯ ಕೋನ ತಾನಾಗಿ ಸುಮಾರು ೧೬ ಡಿಗ್ರಿ ಬರುತ್ತದೆ. ಕತ್ತಿ ಮಾಡಿದವನು ಅಳತೆಗೋಲನ್ನು ಕತ್ತಿಯೊಳಗೇ ಇಟ್ಟು ಕೊಟ್ಟ ಹಾಗೆ! ಮಸೆದಂತೆಲ್ಲ ಬಾಯಿಯ ಜೊತೆ ಬೆನ್ನೂ ಸವೆಯುತ್ತದೆ, ಹಾಗಾಗಿ ವರ್ಷಗಟ್ಟಲೆ ಮಸೆದರೂ ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಇನ್ನು ದಿಕ್ಕಿನ ಮಾತು. ಬಾಯಿಯ ಕಟ್ಟಕಡೆಯ ಅಂಚಿನಲ್ಲಿ ಉಕ್ಕು ಎಷ್ಟು ತೆಳುವಾಗಿರುತ್ತದೆ ಅಂದರೆ ಅದು ಬಾಗುತ್ತದೆ, ಎಳೆದರೆ ಎಳೆಯಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಬೆನ್ನು ಮುಂದು ಮಾಡಿ ಕಲ್ಲಿನ ಮೇಲೆ ಎಳೆದರೆ ಕಲ್ಲಿನ ಕಣಗಳು ಉಕ್ಕನ್ನು ಬಾಯಿಯ ಆಚೆಗೆ ಎಳೆದು, ಅಲ್ಲಿ ಕೂದಲಿಗಿಂತ ಸಣ್ಣ ತಂತಿಯಂಥ ಎಳೆ ಬೆಳೆಯುವುದು ಸುಲಭ. ಬೆರಳಿಗೆ ಅದು ಬಹಳ ಹರಿತ ಅನ್ನಿಸುತ್ತದೆ. ಕೆನ್ನೆಗೆ ಇಟ್ಟ ಮೇಲೆ ಮುರಿದು ಬೀಳುತ್ತದೆ, ಉಳಿದದ್ದು ಮೊಂಡು ಬಾಯಿ. ಬಾಯಿ ಮುಂದು ಮಾಡಿ ಹೋದರೆ ಕಲ್ಲಿನ ಕಣ ನೇರವಾಗಿ ಅಂಚಿಗೆ ಎದುರಾಗುತ್ತದೆ, ಚಾಚಿಕೊಳ್ಳಲು ನೋಡುವ ಎಳೆಯನ್ನು ಬೆಳೆಯಲು ಬಿಡುವುದಿಲ್ಲ.

ತೊಗಲು ಹಾಗಲ್ಲ. ಅದು ಮೆತ್ತಗೆ, ಒತ್ತಿದರೆ ತಗ್ಗುತ್ತದೆ. ಅದರ ಮೇಲೆ ಬಾಯಿ ಮುಂದೆ ಮಾಡಿದರೆ ಕತ್ತಿ ತೊಗಲಿನೊಳಗೇ ಇಳಿಯುತ್ತದೆ. ಬೆನ್ನು ಮುಂದೆ ಮಾಡಿ ಎಳೆದರೆ ತೊಗಲು ಬಾಯಿಯನ್ನು ಸವರಿಕೊಂಡು ಹೋಗಿ, ಆ ಕಡೆ ಈ ಕಡೆ ಬಾಗಿದ್ದನ್ನು ನೆಟ್ಟಗೆ ಮಾಡುತ್ತದೆ.

ಇನ್ನೆರಡು ನಿಯಮಗಳಿವೆ. ಕ್ಷೌರಿಕರ ಕಲ್ಲು ಸಾಮಾನ್ಯವಾಗಿ ಕತ್ತಿಯ ಉದ್ದಕ್ಕಿಂತ ಕಿರಿದು. ಆದ್ದರಿಂದ ಬುಡದಿಂದ ಶುರು ಮಾಡಿ ತುದಿಯಲ್ಲಿ ಮುಗಿಯುವ ಹಾಗೆ ಓರೆಯಾಗಿ ಎಳೆಯಬೇಕು. ಆ ಬದಿ, ಈ ಬದಿ ಎರಡೂ ಸೇರಿದರೆ ಕಲ್ಲಿನ ಮೇಲೆ ಗುಣಾಕಾರದ ಚಿಹ್ನೆ ಬರೆದ ಹಾಗಾಗುತ್ತದೆ. ಇನ್ನೊಂದು, ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು, ಬಾಯಿಯ ಮೇಲೆ ಯಾವತ್ತೂ ಹೊರಳಿಸಬಾರದು. ಇಷ್ಟೇ ವಿದ್ಯೆ. ಹೇಳಲು ಎರಡು ನಿಮಿಷ, ಕೈಗೆ ಹತ್ತಲು ಕೆಲವು ವರ್ಷ.

ಈ ವಿದ್ಯೆ ಎಷ್ಟು ಹಳೆಯದು? ಬರಹದಲ್ಲಿ ಸಿಗುವ ಒಂದು ಹಳೆಯ ಸುಳಿವು ರೋಮಿನದು. ಕ್ರಿ.ಶ. ೭೯ರಲ್ಲಿ ತೀರಿಕೊಂಡ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ ಮಸೆಗಲ್ಲುಗಳನ್ನು ವಿಂಗಡಿಸಿದ್ದಾನೆ. ಎಣ್ಣೆ ಹಾಕುವ ಕಲ್ಲು, ನೀರು ಹಾಕುವ ಕಲ್ಲು, ಎರಡೂ ನಡೆಯುವ ಕಲ್ಲು. ಇವಲ್ಲದೆ ಇನ್ನೊಂದು ಜಾತಿ ಇದೆ ಅನ್ನುತ್ತಾನೆ, ಉಗುಳು ಹಾಕಿ ಮಸೆಯುವ ಕಲ್ಲು! ಅದು ಕ್ಷೌರದಂಗಡಿಗಳಲ್ಲಿ ಬಳಕೆಯಾಗುತ್ತಿತ್ತಂತೆ, ಒಳ್ಳೆಯದು ಸ್ಪೇನಿನಿಂದ ಬರುತ್ತಿತ್ತಂತೆ. ಕ್ಷೌರಿಕರು ರೋಮಿಗೆ ಬಂದದ್ದು ಸಿಸಿಲಿಯಿಂದ, ಕ್ರಿ.ಪೂ. ೩೦೦ರ ಸುಮಾರಿಗೆ, ಅಂತಲೂ ಅವನೇ ಬರೆದಿದ್ದಾನೆ. ಅವರನ್ನು ಕರೆತಂದ ಶ್ರೀಮಂತನ ಹೆಸರನ್ನೂ ಕೊಟ್ಟಿದ್ದಾನೆ. ಬಂದ ಕ್ಷೌರಿಕರ ಹೆಸರು ಕೊಟ್ಟಿಲ್ಲ.

ಲ್ಯಾಟಿನ್ನಿನಲ್ಲಿ ಕ್ಷೌರದ ಕತ್ತಿಗೆ ನೊವಾಕುಲ ಅನ್ನುತ್ತಾರೆ. ಅದರಿಂದಲೇ ನೊವಾಕುಲೈಟ್ ಎಂಬ ಕಲ್ಲಿನ ಹೆಸರು ಹುಟ್ಟಿತು. ಅಮೆರಿಕದ ಅರ್ಕಾನ್ಸಾ ರಾಜ್ಯದ ವಾಷಿಟಾ ಬೆಟ್ಟಗಳಲ್ಲಿ ಸಿಗುವ ಪ್ರಸಿದ್ಧ ಮಸೆಗಲ್ಲು ಇದೇ. ಬೆಲ್ಜಿಯಂನ ಆರ್ಡೆನ್ಸ್ ಸೀಮೆಯ ಹಳದಿ ಕಲ್ಲು ಕೋಟಿಕ್ಯೂಲ್ ಇನ್ನೊಂದು. ಅದರಲ್ಲಿ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಗಾರ್ನೆಟ್ ಹರಳುಗಳಿವೆ, ಉಕ್ಕನ್ನು ತಿನ್ನುವುದು ಅವೇ. ಜಪಾನಿನಲ್ಲಿ ಕ್ಯೋಟೋ ಬಳಿಯ ಬೆಟ್ಟದ ಕಲ್ಲುಗಳು ಹೆಸರುವಾಸಿ. ಅಲ್ಲಿಯ ಕ್ಷೌರದ ಕತ್ತಿ ಕಾಮಿಸೋರಿಯ ಎರಡು ಮಗ್ಗುಲು ಒಂದೇ ಥರ ಇರುವುದಿಲ್ಲ, ಹಾಗಾಗಿ ಎರಡು ಕಡೆಗೂ ಸಮನಾಗಿ ಎಳೆಯುವುದೂ ಇಲ್ಲ.

ನಮ್ಮ ದೇಶದಲ್ಲಿ? ಕ್ಷೌರ ಎಂಬ ಮಾತೇ ಕ್ಷುರದಿಂದ ಬಂದದ್ದು. ಕ್ಷುರ ಎಂದರೆ ಕತ್ತಿ. ಮಸೆಯುವ ವಿಷಯ ನನಗೆ ಸಿಕ್ಕಿದ್ದು ಕ್ಷೌರದ ಪುಸ್ತಕದಲ್ಲಲ್ಲ, ಶಸ್ತ್ರಚಿಕಿತ್ಸೆಯ ಪುಸ್ತಕದಲ್ಲಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಎಂಟನೇ ಅಧ್ಯಾಯ ಶಸ್ತ್ರಗಳ ಬಗ್ಗೆ. ಯಾವ ಶಸ್ತ್ರದ ಧಾರೆ ಎಷ್ಟು ತೆಳುವಿರಬೇಕು ಅಂತ ಅಲ್ಲಿ ಲೆಕ್ಕವಿದೆ. ಕೆಲವಕ್ಕೆ ಮಸೂರ ಬೇಳೆಯಷ್ಟು, ಕೆಲವಕ್ಕೆ ಅದರ ಅರ್ಧ, ಕೆಲವಕ್ಕೆ ಕೂದಲಿನಷ್ಟು, ಕತ್ತರಿಸುವ ಶಸ್ತ್ರಕ್ಕೆ ಅರ್ಧ ಕೂದಲಿನಷ್ಟು. ಮಸೆಯಲು ಉದ್ದಿನ ಬಣ್ಣದ ನುಣುಪು ಕಲ್ಲು ಬೇಕು. ಅದಾದ ಮೇಲೆ ಧಾರೆಯನ್ನು ನಿಲ್ಲಿಸಲು ಬೂರುಗದ ಮರದ ಹಲಗೆ ಬೇಕು. ಸರಿಯಾಗಿ ಮಸೆದಿದೆಯೇ ಎಂದು ನೋಡಲು ರೋಮ ಕತ್ತರಿಸಿ ನೋಡಬೇಕು.

ಗಮನಿಸಿ. ಮೊದಲು ಗಟ್ಟಿ ಕಲ್ಲು, ಆಮೇಲೆ ಮೆತ್ತನೆಯ ಇನ್ನೊಂದು ವಸ್ತು, ಕೊನೆಗೆ ಕೂದಲಿನ ಪರೀಕ್ಷೆ. ಬೂರುಗ ಬಹಳ ಮೆದುವಾದ ಮರ. ಯುರೋಪಿನವರು ತೊಗಲಿನಲ್ಲಿ ಮಾಡಿದ್ದನ್ನು ಇಲ್ಲಿ ಮರದಲ್ಲಿ ಮಾಡಿದ ಹಾಗೆ ಕಾಣುತ್ತದೆ. ಎರಡು ಹಂತದ ಈ ಕ್ರಮ ವೈದ್ಯರ ಪುಸ್ತಕಕ್ಕೆ ಬಂತು. ಅದೇ ಥರದ ಕತ್ತಿಯನ್ನು ದಿನಾ ಹಿಡಿಯುತ್ತಿದ್ದ ಕ್ಷೌರಿಕರು ಹೇಗೆ ಮಸೆಯುತ್ತಿದ್ದರು ಅನ್ನುವುದಕ್ಕೆ ಸಂಹಿತೆ ಬರೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಯುರೋಪಿನಲ್ಲಿ ಈ ಇಬ್ಬರೂ ಬಹುಕಾಲ ಒಂದೇ ಸೂರಿನಡಿ ಇದ್ದರು. ಲಂಡನ್ನಿನಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ, ೧೫೪೦ರಲ್ಲಿ, ಕ್ಷೌರಿಕರೂ ಶಸ್ತ್ರವೈದ್ಯರೂ ಸೇರಿ ಒಂದೇ ಸಂಘವಾದರು. ೧೭೪೫ರಲ್ಲಿ ವೈದ್ಯರು ಬೇರೆಯಾದರು. ಅಲ್ಲಿಂದ ಮುಂದೆ ಒಬ್ಬರ ಕತ್ತಿಗೆ ಗೌರವ ಏರಿತು, ಇನ್ನೊಬ್ಬರ ಕತ್ತಿ ಇದ್ದಲ್ಲೇ ಉಳಿಯಿತು.

ಆ ನಡುವೆ ೧೬೬೫ರಲ್ಲಿ ರಾಬರ್ಟ್ ಹುಕ್ ತನ್ನ ಮೈಕ್ರೋಗ್ರಾಫಿಯಾ ಪುಸ್ತಕ ಪ್ರಕಟಿಸಿದ. ಜೀವಕೋಶಕ್ಕೆ 'ಸೆಲ್' ಎಂಬ ಹೆಸರು ಬಂದದ್ದು ಇದೇ ಪುಸ್ತಕದಿಂದ. ಅದರಲ್ಲಿ ಹುಕ್ ಮೊದಲು ಸೂಜಿಯ ಮೊನೆಯನ್ನು ನೋಡಿ ಬರೆದ, ಎರಡನೆಯದಾಗಿ ಕ್ಷೌರದ ಕತ್ತಿಯ ಬಾಯಿಯನ್ನು! ಬರಿಗಣ್ಣಿಗೆ ಗೆರೆಯಂತೆ ಕಾಣುವ ಧಾರೆ ಸೂಕ್ಷ್ಮದರ್ಶಕದಲ್ಲಿ ದಪ್ಪನೆಯ ಚಾಕುವಿನ ಬೆನ್ನಿನ ಹಾಗೆ ಗುಂಡಗೆ ಕಂಡಿತು. ಮೈತುಂಬ ಗೀರುಗಳು. ಕಲ್ಲು ಬಿಟ್ಟುಹೋದ ಗೀರುಗಳವು. ಮಸೆದ ಕೈಯ ಗುರುತನ್ನು ವಿಜ್ಞಾನ ಮೊದಲ ಸಲ ಹತ್ತಿರದಿಂದ ನೋಡಿದ್ದು ಬಹುಶಃ ಆಗಲೇ.

ಮಸೆಯುವ ವಿದ್ಯೆ ವಿವರವಾಗಿ ಅಚ್ಚಿಗೆ ಬಂದದ್ದು ಅದಾಗಿ ನೂರು ವರ್ಷದ ಮೇಲೆ. ಪ್ಯಾರಿಸಿನ ಕತ್ತಿ ತಯಾರಕ ಝಾನ್ ಝಾಕ್ ಪೆರೆ ೧೭೬೯ರಲ್ಲಿ ಪೊಗೊನೊಟೊಮಿ ಎಂಬ ಪುಸ್ತಕ ತಂದ. ತನ್ನ ಗಡ್ಡ ತಾನೇ ಬೋಳಿಸಿಕೊಳ್ಳುವ ಕಲೆ ಅಂತ ಅದರ ಉಪಶೀರ್ಷಿಕೆ. ಕಲ್ಲನ್ನು ಆರಿಸುವುದು, ತೊಗಲಿನ ಪಟ್ಟಿಯನ್ನು ಬಳಸುವುದು ಎಲ್ಲ ಅದರಲ್ಲಿವೆ. ಲಂಡನ್ನಿನಲ್ಲಿ ಬೆಂಜಮಿನ್ ಕಿಂಗ್ಸ್‌ಬರಿ ೧೭೯೦ರ ದಶಕದಲ್ಲಿ ಇಂಥದೇ ಒಂದು ಪುಸ್ತಕ ಬರೆದ. ಇಬ್ಬರೂ ಕತ್ತಿ ಮಾಡುವವರು, ಮಾರುವವರು. ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವ ಗಿರಾಕಿ ಹೆಚ್ಚಿದಷ್ಟೂ ಅವರಿಗೆ ಲಾಭ. ಅಂಗಡಿಯಲ್ಲಿದ್ದ ವಿದ್ಯೆ ಹೀಗೆ ಪುಸ್ತಕಕ್ಕೆ ಬಂದದ್ದೇ ಅಂಗಡಿಗೆ ಹೋಗುವ ಅಗತ್ಯ ತಪ್ಪಿಸಲಿಕ್ಕೆ.

ಹಿಂದೆಯೇ ಪಟ್ಟಿ ಮಾರುವವರು ಬಂದರು. ೧೭೯೦ರ ದಶಕದಲ್ಲಿ ಜಾರ್ಜ್ ಪ್ಯಾಕ್‌ವುಡ್ ಎಂಬಾತ ತನ್ನ ಪಟ್ಟಿಗೆ ಕೊಟ್ಟ ಪತ್ರಿಕಾ ಜಾಹೀರಾತುಗಳನ್ನು ಇತಿಹಾಸಕಾರರು ಇಂದಿಗೂ ಅಧ್ಯಯನ ಮಾಡುತ್ತಾರೆ. ಆಮೇಲೆ ಜಾನ್ ಜೋಸೆಫ್ ಮೆಚಿ ಎಂಬಾತ 'ಮಾಯಾ ಪಟ್ಟಿ' ಮಾರಿ ದೊಡ್ಡ ಶ್ರೀಮಂತನಾಗಿ, ಎಸೆಕ್ಸ್‌ನಲ್ಲಿ ಜಮೀನು ಕೊಂಡು ಕೃಷಿ ಪ್ರಯೋಗ ನಡೆಸಿದ. ೧೮೫೩ರಲ್ಲಿ ಶುರುವಾದ ಕ್ರಿಮಿಯಾ ಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಗಂಡಸರು ಗಡ್ಡ ಬಿಡತೊಡಗಿ ಅವನ ವ್ಯಾಪಾರಕ್ಕೆ ಪೆಟ್ಟು ಬಿತ್ತು!

ಇರಲಿ, ಉಕ್ಕಿನ ಕಥೆಗೆ ಬರುತ್ತೇನೆ. ಕಲ್ಲು, ಕೈ ಎರಡೂ ಚೆನ್ನಾಗಿದ್ದು ಉಕ್ಕು ಕೆಟ್ಟದಾಗಿದ್ದರೆ ಏನು ಪ್ರಯೋಜನ? ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ೧೭೪೦ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಸಾಧಿಸಿದ. ಆದರೆ ನಮ್ಮ ದಕ್ಷಿಣದಲ್ಲಿ ಮೂಸೆಯ ಉಕ್ಕು ಅದಕ್ಕಿಂತ ಎಷ್ಟೋ ಹಿಂದಿನದು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಅದರಲ್ಲಿ ಬಂದ ಹೆಸರು 'ವೂಟ್ಜ್'. ಕನ್ನಡದ 'ಉಕ್ಕು' ಅನ್ನುವ ಮಾತೇ ಬರೆಯುವಾಗಲೋ ಅಚ್ಚಾಗುವಾಗಲೋ ಹೀಗಾಯಿತು ಎಂದು ಇಂಗ್ಲಿಷ್ ನಿಘಂಟುಗಳು ಹೇಳುತ್ತವೆ. ೧೮೦೦-೦೧ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿದ್ದಾನೆ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಮಾಡುತ್ತಿದ್ದ ಉಕ್ಕಿನ ತಂತಿಯನ್ನೂ ಹೊಗಳಿದ್ದಾನೆ.

ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಶಸ್ತ್ರಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕನ್ನು ತುಂಬಾ ಮೆಚ್ಚಿಕೊಂಡ. ಅವನ ಜೊತೆ ಸೇರಿದವನು ಒಬ್ಬ ಕಮ್ಮಾರನ ಮಗ, ಮೈಕೇಲ್ ಫ್ಯಾರಡೆ. ಹೌದು, ವಿದ್ಯುತ್ತಿನ ಫ್ಯಾರಡೆಯೇ. ಇಬ್ಬರೂ ಸೇರಿ ನಮ್ಮ ಉಕ್ಕಿನ ಗುಟ್ಟು ಹುಡುಕುತ್ತಾ, ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ೧೮೨೦ರಲ್ಲಿ ಮತ್ತು ೧೮೨೨ರಲ್ಲಿ ಪ್ರಬಂಧ ಪ್ರಕಟಿಸಿದರು. ಐನೂರರಲ್ಲಿ ಒಂದು ಪಾಲು ಬೆಳ್ಳಿ ಬೆರೆಸಿದರೆ ಒಳ್ಳೆಯ ಉಕ್ಕು ಬರುತ್ತದೆ ಅಂದರು. ಫ್ಯಾರಡೆ ತನ್ನ ಉಕ್ಕಿನಲ್ಲಿ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಕೊಟ್ಟ. ಮುಂದೆ ಶೆಫೀಲ್ಡಿನ ಎಷ್ಟೋ ಕತ್ತಿಗಳ ಮೇಲೆ 'ಬೆಳ್ಳಿ ಉಕ್ಕು' ಎಂಬ ಮುದ್ರೆ ಬಿತ್ತು. ನಮ್ಮ ಪದ ಹೀಗೆ ಪ್ರಯೋಗಾಲಯದ ಪ್ರಬಂಧಗಳವರೆಗೆ ಹೋಯಿತು. ಮೂಸೆಯ ಮುಂದೆ ಕೂತು ತಿದಿ ಒತ್ತಿದವರ ಹೆಸರು ಮಾತ್ರ ಪದದ ಜೊತೆ ಹಡಗು ಹತ್ತಲಿಲ್ಲ.

ಶೆಫೀಲ್ಡಿನಲ್ಲೂ ಹೆಸರು ಉಳಿದದ್ದು ಮುದ್ರೆ ಒತ್ತಿದ ಒಡೆಯರದೇ. ಕತ್ತಿ ಕಲ್ಲಿಗೆ ಬರುವ ಮೊದಲು ಸಾಣೆ ಚಕ್ರಕ್ಕೆ ಹೋಗಬೇಕು. ಚಕ್ರದಿಂದ ಏಳುವ ಕಲ್ಲು-ಉಕ್ಕಿನ ಧೂಳು ಕೆಲಸಗಾರರ ಶ್ವಾಸಕೋಶ ಸೇರುತ್ತಿತ್ತು. ಶೆಫೀಲ್ಡಿನ ವೈದ್ಯ ನೈಟ್ ಕೊಟ್ಟ ಲೆಕ್ಕವನ್ನು ಎಂಗೆಲ್ಸ್ ೧೮೪೫ರ ತನ್ನ ಪುಸ್ತಕದಲ್ಲಿ ಬಳಸಿಕೊಂಡಿದ್ದಾನೆ. ನೀರಿಲ್ಲದ ಚಕ್ರದವರ ಸರಾಸರಿ ಆಯುಷ್ಯ ೩೫ ವರ್ಷವೂ ಕಷ್ಟ, ನೀರು ಹಾಕುವ ಚಕ್ರದವರು ೪೫ ದಾಟುವುದು ಅಪರೂಪ. ಫ್ರಾನ್ಸಿನ ತಿಯೇರ್ ಊರಿನಲ್ಲಿ ಸಾಣೆಯವರು ಹಲಗೆಯ ಮೇಲೆ ಬೋರಲು ಮಲಗಿ, ಕೆಳಗೆ ತಿರುಗುವ ಚಕ್ರಕ್ಕೆ ಕತ್ತಿ ಒತ್ತುತ್ತಿದ್ದರು. ಚಳಿಗೆ ಕಾಲಿನ ಮೇಲೆ ನಾಯಿ ಮಲಗಿಸಿಕೊಳ್ಳುತ್ತಿದ್ದರು. ಚಕ್ರದ ಕೆಸರುನೀರು ಹಾರಿ ಬಟ್ಟೆಯೆಲ್ಲ ಹಳದಿಯಾಗಿ ಅವರಿಗೆ 'ಹಳದಿ ಹೊಟ್ಟೆಯವರು' ಎಂಬ ಹೆಸರೇ ಬಿತ್ತು. ಒಡೆಯರಿಗೆ ಮುದ್ರೆ, ಇವರಿಗೆ ಅಡ್ಡಹೆಸರು.

ಮಸೆಯುವ ನಿಯಮಗಳು ಪಾಠವಾಗಿ ತರಗತಿಗೆ ಬಂದದ್ದು ಅಮೆರಿಕದಲ್ಲಿ. ಎ. ಬಿ. ಮೋಲರ್ ೧೮೯೩ರಲ್ಲಿ ಶಿಕಾಗೋದಲ್ಲಿ ಕ್ಷೌರಿಕರ ಶಾಲೆ ತೆರೆದ. ಇಂಥ ಶಾಲೆಗಳ ಪಠ್ಯಗಳಲ್ಲಿ ಬಾಯಿ ಮುಂದೆ, ಬೆನ್ನು ಮುಂದೆ ಎಲ್ಲ ಚಿತ್ರಸಮೇತ ಬಂತು. ನನಗೆ ಇಷ್ಟವಾದದ್ದು ಉಗುರಿನ ಪರೀಕ್ಷೆ. ಹೆಬ್ಬೆರಳಿನ ಉಗುರನ್ನು ಒದ್ದೆ ಮಾಡಿ ಅದರ ಮೇಲೆ ಕತ್ತಿಯನ್ನು ಹಗುರವಾಗಿ ಎಳೆಯಬೇಕು. ಜಾರಿಹೋದರೆ ಮೊಂಡು. ತಡೆತಡೆದು ಹೋದರೆ ಒರಟು. ಒಂದೇ ಸಮನೆ ಮೆತ್ತಗೆ ಕಚ್ಚಿಕೊಂಡು ಹೋದರೆ ಹದ. ಕರಕರ ಸದ್ದು ಮಾಡಿ ಅಂಟಿಕೊಂಡರೆ ಮಸೆದದ್ದು ಜಾಸ್ತಿಯಾಗಿದೆ, ಮತ್ತೆ ಸರಿ ಮಾಡಬೇಕು. ಜಾಸ್ತಿ ಮಸೆಯುವುದೂ ಒಂದು ದೋಷ, ನೋಡಿ.

ಈ ಶಾಲೆಗಳು ಬೆಳೆಯುತ್ತಿದ್ದಾಗಲೇ ಅವು ಕಲಿಸುತ್ತಿದ್ದ ವಿದ್ಯೆಗೆ ಕುತ್ತು ಬಂತು. ೧೯೦೩ರಲ್ಲಿ ಜಿಲೆಟ್ ಕಂಪನಿ ತನ್ನ ಮೊದಲ ವರ್ಷದ ವ್ಯಾಪಾರದಲ್ಲಿ ೫೧ ರೇಜರ್, ೧೬೮ ಬ್ಲೇಡು ಮಾರಿತು, ಅಷ್ಟೇ. ಆದರೆ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ೩೫ ಲಕ್ಷ ರೇಜರ್, ೩ ಕೋಟಿ ೨೦ ಲಕ್ಷ ಬ್ಲೇಡು ತರಿಸಿಕೊಂಡಿತು. ಯುದ್ಧದಿಂದ ಮನೆಗೆ ಬಂದ ಹುಡುಗರಿಗೆ ಮಸೆಗಲ್ಲು ಬೇಕಾಗಲಿಲ್ಲ. ಮೊಂಡಾದರೆ ಬಿಸಾಕು, ಹೊಸದು ಹಾಕು.

ನಮ್ಮ ಹಳ್ಳಿಗಳಲ್ಲಿ ಮಸೆಗಲ್ಲು ಇನ್ನೂ ಬಹಳ ವರ್ಷ ಉಳಿಯಿತು. ಊರಿನ ಹನ್ನೆರಡು ಆಯಗಾರರಲ್ಲಿ ಕ್ಷೌರಿಕರೂ ಒಬ್ಬರು. ವರ್ಷವಿಡೀ ಊರಿನ ತಲೆ-ಗಡ್ಡ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಧಾನ್ಯ ತರುತ್ತಿದ್ದರು. ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಹಾಗೆ ಮನೆಮನೆಗೆ ಬರುತ್ತಿದ್ದ ಒಬ್ಬ ಹಿರಿಯರಿದ್ದರು. ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ತಗಡಿನ ಬಟ್ಟಲಿನಿಂದ ನೀರು ಚಿಮುಕಿಸಿ, ಅಂಗೈಯಗಲದ ಕಪ್ಪು ಕಲ್ಲಿನ ಮೇಲೆ ನಾಲ್ಕು ಸಲ ಎಳೆದು, ಆಮೇಲೆ ತಮ್ಮ ಅಂಗೈ ಮೇಲೆಯೇ ಸವರುತ್ತಿದ್ದರು. ಅಂಗೈಯೇ ಅವರ ತೊಗಲಿನ ಪಟ್ಟಿ! ಅಲ್ಲಿಯೂ ಬೆನ್ನೇ ಮುಂದೆ. ಪೆರೆಯ ಪುಸ್ತಕವನ್ನಾಗಲೀ ಮೋಲರನ ಪಾಠವನ್ನಾಗಲೀ ಅವರು ನೋಡಿದವರಲ್ಲ. ನನ್ನ ವಯಸ್ಸಿನ ಹುಡುಗರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು, ಅವರು ನಮ್ಮನ್ನು 'ಬುದ್ಧೀ' ಅನ್ನುತ್ತಿದ್ದರು. ಮನೆಯ ಯಜಮಾನರ ಕುತ್ತಿಗೆಗೆ ಬರಿಗತ್ತಿ ಇಡುವಷ್ಟು ನಂಬಿಕೆಯ ಮನುಷ್ಯ ಜಗಲಿ ಹತ್ತುವಂತಿರಲಿಲ್ಲ. ಆ ವೃತ್ತಿಯ ಹೆಸರನ್ನೇ ಜನ ಬೈಗುಳ ಮಾಡಿಕೊಂಡರು. ಇಂಥ ಕಡೆ ವಿದ್ಯೆ ಬರಹಕ್ಕೆ ಬರುವುದು ಹೇಗೆ? ಕಲಿತವನು ಬರೆಯಲಾರ, ಬರೆಯಬಲ್ಲವನು ಅದನ್ನು ವಿದ್ಯೆ ಅಂತ ಒಪ್ಪಲಾರ.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು ೧೯೮೬ರಲ್ಲಿ. ಆಮೇಲಿನ ವರ್ಷಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಅನ್ನುವುದು ಸಲೂನುಗಳ ನಿಯಮವಾಯಿತು. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂತು, ಮಸೆಗಲ್ಲು ಮೂಲೆಗೆ ಹೋಯಿತು. ಅದು ಆಗಬೇಕಾದ್ದೇ, ಜೀವಕ್ಕಿಂತ ಕಲ್ಲು ದೊಡ್ಡದಲ್ಲ. ಆದರೆ ನಿಯಮ ಬದಲಾದಾಗ ಅದರ ಜೊತೆ ಎಷ್ಟು ತಲೆಮಾರಿನ ಕೈಯ ಕಲಿಕೆ ಹೋಯಿತು ಅನ್ನುವುದನ್ನು ಲೆಕ್ಕ ಹಾಕಿದವರು ಕಡಿಮೆ.

ತಮಾಷೆ ಅಂದರೆ, ಧಾರೆ ಹೇಗೆ ಮೊಂಡಾಗುತ್ತದೆ ಅನ್ನುವುದರ ಒಂದು ಒಳ್ಳೆಯ ಉತ್ತರ ಬಂದದ್ದು ೨೦೨೦ರಲ್ಲಿ. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿ. ಹಾಗಿದ್ದೂ ಕೂದಲು ಉಕ್ಕನ್ನು ಕೆಡಿಸುವುದು ಹೇಗೆ? ಅಮೆರಿಕದ ಎಂಐಟಿಯ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಬಾಯಿ ಬರೀ ಸವೆಯುವುದಲ್ಲ, ಚಕ್ಕೆ ಏಳುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ತಾಗಿದ ಜಾಗದಲ್ಲಿ ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದಿದ್ದರೆ, ಒಂದೇ ಒಂದು ಕೂದಲು ಸಾಕು ಬಾಯಿಯಿಂದ ಚೂರು ಎಬ್ಬಿಸಲು. ಈ ಕಾರಣ ಗೊತ್ತಾಗುವ ಎಷ್ಟೋ ಶತಮಾನ ಮೊದಲೇ ಅದಕ್ಕೆ ಪರಿಹಾರ ಕೈಗಳಿಗೆ ಗೊತ್ತಿತ್ತು. ಕಲ್ಲಿಗೆ ಬಾಯಿ, ತೊಗಲಿಗೆ ಬೆನ್ನು.

ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ಹಳೆಯ ಮಡಚುಗತ್ತಿ ಇದ್ದರೆ ಬೆಳಕಿಗೆ ಹಿಡಿದು ಅದರ ಬೆನ್ನನ್ನು ನೋಡಿ. ಉದ್ದಕ್ಕೂ ಸವೆದು ಹೊಳೆಯುವ ಒಂದು ಪಟ್ಟೆ ಕಾಣಿಸುತ್ತದೆ. ಅದು ಬುಡದಿಂದ ತುದಿಯವರೆಗೆ ಒಂದೇ ಅಗಲ ಇದ್ದರೆ ಮಸೆದ ಕೈ ಪಳಗಿದ ಕೈ. ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇದ್ದರೆ ಯಾರೋ ಅವಸರದಲ್ಲಿ ಒತ್ತಿದ್ದಾರೆ. ಕತ್ತಿಯ ಮೇಲಿನ ಮುದ್ರೆ ಮಾಡಿದ ಕಂಪನಿಯದು. ಆ ಪಟ್ಟೆ ಮಾತ್ರ ಮಸೆದವರದು. ಅವರು ಬರೆದಿಟ್ಟದ್ದು ಅಷ್ಟೇ.